ಕರಕರ ಬೇರೆ, ಮೌನ ಬೇರೆ

ಅಂಗಡಿ ಕಥೆಗಳು, ಕಂತು 9. ಒಂದು ಕ್ಯಾಪ್ಷನ್‌ಗೆ ಹಿಡಿಸಲ್ಲ ಅಂತ ಎಂಟು ಪೋಸ್ಟ್ ಮಾಡಿದೀನಿ. ಒಂದರಿಂದ ಶುರು ಮಾಡಿ.

1/8

ಹೊಸಬರಿಗೆ ಎರಡು ಸಾಲು. ನಾನು ಹಾಸನದಲ್ಲಿ ಬಿಕಾಂ ಕೊನೇ ವರ್ಷ. ಕಾಲೇಜು ಮುಗಿದ ಮೇಲೆ ಮಾವನ ಕಾರ್ ಆಡಿಯೋ ಅಂಗಡೀಲಿ ಇರ್ತೀನಿ. ಸ್ಪೀಕರ್, ಸ್ಟೀರಿಯೋ, ವೈರಿಂಗ್. ಅಲ್ಲಿ ಕಲಿತಿದ್ದನ್ನ ಇಲ್ಲಿ ಬರೀತೀನಿ.

ಈ ಸಲದ ಕಾರು ನಮ್ಮ ಅಂಗಡಿ ಮೆಟ್ಟಿಲಿಗೇ ಬಂದಿಲ್ಲ. ಅದು ಅಮೆರಿಕದ ಮಿಷಿಗನ್‌ನಲ್ಲಿದೆ. ನಮ್ಮಕ್ಕನ ಕಾರು. ತೊಂದ್ರೆ ಇದ್ದಿದ್ದು ಸ್ಯಾಟಲೈಟ್ ರೇಡಿಯೋದಲ್ಲಿ. ಅದನ್ನ ನಾನು ಕಣ್ಣಲ್ಲಿ ನೋಡಿದ್ದು ವಿಡಿಯೋ ಕಾಲ್‌ನಲ್ಲಿ ಮಾತ್ರ, ಕೈಯಲ್ಲಿ ಮುಟ್ಟಿಲ್ಲ. ಆದ್ರೂ ಸರಿಯಾಯ್ತು.

ನಿಮ್ಮ ಮನೇಲೂ ಒಬ್ರು ಅಣ್ಣನೋ ಅಕ್ಕನೋ ಚಿಕ್ಕಪ್ಪನೋ ಅಮೆರಿಕದಲ್ಲೋ ಕೆನಡಾದಲ್ಲೋ ಇದ್ರೆ ಈ ಕಂತು ಅವರಿಗೆ ಕಳಿಸಿ. ಯಾರೂ ಇಲ್ಲ ಅಂದ್ರೂ ಓದಿ. ಇಲ್ಲಿರೋ ಅರ್ಧ ವಿಷಯ ನಿಮ್ಮ ಕಾರಿಗೂ ಅನ್ವಯ ಆಗುತ್ತೆ. ಇನ್ನರ್ಧ ಕಾರಿನ ವಿಷಯನೇ ಅಲ್ಲ.

2/8

ಅಕ್ಕ ಮದುವೆಯಾಗಿ ಹೋಗಿ ನಾಲ್ಕು ವರ್ಷ ಆಯ್ತು. ಅಲ್ಲಿ ಅವಳಿಗೆ ಕೆಲಸ ಮಾಡೋ ಪರ್ಮಿಟ್ ಸಿಗೋಕೆ ಮೂರು ವರ್ಷ ಹಿಡೀತು. ಈಗ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತಾಳೆ. ಮನೆಯಿಂದ ಕಾರಲ್ಲಿ ಮುಕ್ಕಾಲು ಗಂಟೆ ದಾರಿ, ಒಬ್ಬಳೇ. ಕಾರು ಹಳೇದು. ಊರಿಗೆ ವಾಪಸ್ ಬರ್ತಿದ್ದ ಒಂದು ಕನ್ನಡದ ಕುಟುಂಬದಿಂದ ಕೊಂಡಿದ್ದು. ಡ್ಯಾಶ್‌ಬೋರ್ಡ್ ಮೇಲೆ ಸ್ಯಾಟಲೈಟ್ ರೇಡಿಯೋದ ಒಂದು ಪುಟ್ಟ ಪೆಟ್ಟಿಗೆ, ಅದರ ಆಂಟೆನಾ, ವೈರು ಎಲ್ಲ ಕಾರಿನ ಜೊತೆಗೇ ಬಂತು. ಅಕ್ಕ ತನ್ನ ಮೊದಲ ಸಂಬಳದಲ್ಲಿ ಅದಕ್ಕೆ ಚಂದಾ ಕಟ್ಟಿದ್ಲು.

ಫೋನಲ್ಲೇ ಹಾಡು ಕೇಳಬಹುದಲ್ಲ ಅಂತ ನೀವು ಕೇಳ್ತೀರ. ಭಾವನೂ ಅದೇ ಅಂದಿದ್ರು. ಅಕ್ಕನ ಫೋನ್ ಮ್ಯಾಪ್ ತೋರಿಸ್ತಾ ಇರುತ್ತೆ. ಡ್ರೈವಿಂಗ್ ಹೊಸದು, ಹೈವೇಲಿ ಫೋನ್ ಮುಟ್ಟೋಕೆ ಅವಳಿಗೆ ಭಯ. ರೇಡಿಯೋ ಆದ್ರೆ ಒಂದು ಬಟನ್ ಒತ್ತಿದ್ರೆ ಮುಗೀತು. ಮಾತಾಡೋರು ಅವರ ಪಾಡಿಗೆ ಮಾತಾಡ್ತಾರೆ.

ಸೆಪ್ಟೆಂಬರ್ ಕೊನೇಲಿ ಅಕ್ಕನ ಮೆಸೇಜ್: "ಲೋ, ರೇಡಿಯೋ ಸೌಂಡ್ ಸರಿ ಇಲ್ಲ ಕಣೋ. ನಿಮ್ಮ ಅಂಗಡೀಲಿ ಇದೆಲ್ಲ ನೋಡ್ತೀರಲ್ಲ, ಏನು ಮಾಡ್ಲಿ?"

ಆ ಹೊತ್ತಿಗೆ ಅವಳು ಮನೆಗೆ ಫೋನ್ ಮಾಡೋದೇ ಕಡಿಮೆ ಆಗಿತ್ತು. ಮಾಡಿದ್ರೂ "ಹ್ಞೂಂ, ಚೆನ್ನಾಗಿದೀನಿ, ಊಟ ಆಯ್ತು, ಇಡ್ಲಾ" ಅಷ್ಟೇ. ಹಾಗಾಗಿ ಈ ಮೆಸೇಜ್ ನೋಡಿ ನನಗಿಂತ ಅಮ್ಮನಿಗೇ ಖುಷಿಯಾಯ್ತು. "ಏನಾದ್ರೂ ಒಂದು ಕೇಳಿದ್ಲಲ್ಲ, ಬೇಗ ಉತ್ತರ ಕೊಡೋ" ಅಂದ್ರು.

3/8

ಬಿಕಾಂನೋರಿಗೆ ಇದು ಗೊತ್ತಿರುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ಲಿಲ್ಲ ಅಂದ್ರೆ ಇಡೀ ಲೆಡ್ಜರ್ ಮತ್ತೆ ಬರೆಯೋಕೆ ಕೂರಬಾರದು. ಮೊದಲು ವ್ಯತ್ಯಾಸ ಎಷ್ಟು ಅಂತ ನೋಡಬೇಕು. ಅದು 9ರಿಂದ ಭಾಗ ಹೋದ್ರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು, 54 ಬರೆಯೋ ಕಡೆ 45 ಅಂತ. ವ್ಯತ್ಯಾಸದ ಅರ್ಧಕ್ಕೆ ಸರಿಯಾದ ಮೊತ್ತ ಪುಸ್ತಕದಲ್ಲಿ ಸಿಕ್ಕಿದ್ರೆ, ಅದು ಡೆಬಿಟ್ ಬದಲು ಕ್ರೆಡಿಟ್‌ಗೆ ಹೋಗಿರಬಹುದು. ತಪ್ಪು ಎಲ್ಲಿದೆ ಅಂತ ತಪ್ಪೇ ಹೇಳುತ್ತೆ.

ರೇಡಿಯೋನೂ ಹಾಗೇ. "ಸೌಂಡ್ ಸರಿ ಇಲ್ಲ" ಅಂದ್ರೆ ಸಾಲದು, ಹೇಗೆ ಸರಿ ಇಲ್ಲ ಅಂತ ಹೇಳಬೇಕು.

ಎಫ್‌ಎಂ ರೇಡಿಯೋ ಅನಲಾಗ್. ಸಿಗ್ನಲ್ ಕಡಿಮೆ ಆಗ್ತಾ ಹೋದ ಹಾಗೆ ಕರಕರ ಜಾಸ್ತಿ ಆಗ್ತಾ ಹೋಗುತ್ತೆ. ಸ್ಯಾಟಲೈಟ್ ರೇಡಿಯೋ ಡಿಜಿಟಲ್. ಅದರಲ್ಲಿ ಸಿಗ್ನಲ್ ಇದ್ರೆ ಪೂರ್ತಿ ಸದ್ದು, ಹೋದ್ರೆ ಪೂರ್ತಿ ಮೌನ. ನಡುವೆ ಕರಕರ ಅನ್ನೋದು ಇಲ್ವೇ ಇಲ್ಲ. ಹಾಗಾದ್ರೆ ಲೆಕ್ಕ ಸುಲಭ:

ಕರಕರ, ಗುಂಯ್, ಕುಂಯ್ ಏನೇ ಕೇಳಿಸಿದ್ರೂ ತೊಂದ್ರೆ ಕಾರಿನ ಒಳಗಿದೆ.
ಮೌನ ಆದ್ರೆ ತೊಂದ್ರೆ ಆಕಾಶಕ್ಕೂ ಆಂಟೆನಾಕ್ಕೂ ನಡುವೆ ಇದೆ.

ಇದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಅದೇ ಕಾರಲ್ಲಿ ಮಾಮೂಲಿ ಎಫ್‌ಎಂ ಹಾಕಿ, ಸೀಡಿಯೋ ಬ್ಲೂಟೂತೋ ಇದ್ರೆ ಅದನ್ನೂ ಹಾಕಿ. ಎಲ್ಲದರಲ್ಲೂ ಸೌಂಡ್ ಕೆಟ್ಟಿದ್ರೆ ಸ್ಪೀಕರ್, ಆಂಪ್ಲಿಫೈಯರ್ ಇಲ್ಲ ಬಾಸ್-ಟ್ರೆಬಲ್ ಸೆಟ್ಟಿಂಗ್ ನೋಡಿ. ಸ್ಯಾಟಲೈಟ್‌ನಲ್ಲಿ ಮಾತ್ರ ಕೆಟ್ಟಿದ್ರೆ ಮುಂದೆ ಓದಿ. ಅಕ್ಕನ ಕಾರಲ್ಲಿ ಎಫ್‌ಎಂ, ಸೀಡಿ ಎರಡೂ ಚೆನ್ನಾಗಿದ್ವು.

ನಾನು ಅಕ್ಕನಿಗೆ ಕಳಿಸಿದ ಪ್ರಶ್ನೆ: "ಕರಕರನಾ, ಮೌನನಾ?"
ಅವಳ ಉತ್ತರ: "ಎರಡೂ."

4/8

ಮೊದಲು ಕರಕರ.

"ಯಾವಾಗ ಬರುತ್ತೆ?" ಅಂತ ಕೇಳಿದೆ. ಮನೆ ಹತ್ರ ಚೆನ್ನಾಗಿರುತ್ತಂತೆ. ಅರ್ಧ ದಾರಿ ದಾಟಿದ ಮೇಲೆ ಕರಕರ ಶುರುವಾಗಿ, ಮಧ್ಯೆ ಯಾರೋ ಜಾಹೀರಾತು ಹೇಳ್ತಾರಂತೆ. ಅವಳು ಹಾಕಿರೋ ಚಾನೆಲ್‌ನಲ್ಲಿ ಅದು ಇಲ್ಲ.

ಇಷ್ಟು ಕೇಳಿದ ತಕ್ಷಣ ಮಾವ ಸೋಲ್ಡರಿಂಗ್ ಐರನ್ ಕೆಳಗಿಟ್ಟು "ಎಫ್‌ಎಂ ಟ್ರಾನ್ಸ್‌ಮಿಟರ್" ಅಂದ್ರು. ನಮ್ಮಲ್ಲೂ ಇದು ಸಿಗುತ್ತೆ. ಸಿಗರೇಟ್ ಲೈಟರ್ ಜಾಗಕ್ಕೆ ಚುಚ್ಚಿ, ಫೋನ್ ಹಾಡನ್ನ ಹಳೇ ಸ್ಟೀರಿಯೋದ ಎಫ್‌ಎಂನಲ್ಲಿ ಕೇಳ್ತಾರಲ್ಲ, ಅದೇ. ಅಕ್ಕನ ಪೆಟ್ಟಿಗೆಯೂ ಆಕಾಶದಿಂದ ಬಂದ ಸದ್ದನ್ನ ಸಣ್ಣ ಎಫ್‌ಎಂ ಅಲೆ ಮಾಡಿ ಕಾರಿನ ಸ್ಟೀರಿಯೋಗೆ ಕಳಿಸ್ತಿತ್ತು. ಅದರ ಶಕ್ತಿ ತುಂಬ ಕಡಿಮೆ, ಅಮೆರಿಕದ ಕಾನೂನೂ ಅಷ್ಟಕ್ಕೇ ಬಿಡೋದು. ಮನೆ ಹತ್ರ ಖಾಲಿ ಇದ್ದ ಫ್ರೀಕ್ವೆನ್ಸೀಲಿ ಪಕ್ಕದ ಊರಲ್ಲಿ ನಿಜವಾದ ಸ್ಟೇಷನ್ ಇರುತ್ತೆ. ಆ ಊರು ಹತ್ರ ಆದ ಹಾಗೆ ದೊಡ್ಡ ಸ್ಟೇಷನ್ ಚಿಕ್ಕದನ್ನ ನುಂಗುತ್ತೆ.

36,000 ಕಿಲೋಮೀಟರ್ ದೂರದಿಂದ ನೆಟ್ಟಗೆ ಬಂದ ಸದ್ದು ಕೊನೇ ಮೂರು ಅಡೀಲಿ ಕೆಡ್ತಾ ಇತ್ತು ನೋಡಿ.

ಪರಿಹಾರ ಎರಡು. ಹೋಗೋ ದಾರಿ ಪೂರ್ತಿ ಖಾಲಿ ಇರೋ ಫ್ರೀಕ್ವೆನ್ಸಿ ಹುಡುಕೋದು ಒಂದು. ಅದಕ್ಕಿಂತ ಒಳ್ಳೇದು ಎಫ್‌ಎಂ ಗೊಡವೆನೇ ಬಿಟ್ಟು ಕೇಬಲ್ ಹಾಕೋದು. ಸ್ಟೀರಿಯೋ ಮುಂದೆ ಆಕ್ಸ್ ತೂತು ಇದ್ರೆ 3.5 ಎಂಎಂ ಸ್ಟೀರಿಯೋ ಕೇಬಲ್ ಸಾಕು. ಅಕ್ಕ ಆರು ಡಾಲರ್ ಕೊಟ್ಟು ತಂದ್ಲು. ಪೆಟ್ಟಿಗೆಯ ಮೆನುವಿಗೆ ಹೋಗಿ ಎಫ್‌ಎಂ ಟ್ರಾನ್ಸ್‌ಮಿಟರ್ ಆಫ್ ಮಾಡಿದ್ಲು. ಕರಕರ ನಿಂತುಹೋಯ್ತು.

ಒಂದು ಎಚ್ಚರಿಕೆ. ಕೇಬಲ್ ಹಾಕಿದ ಮೇಲೆ ಸೌಂಡ್ ಸಣ್ಣದಾಯ್ತು ಅಂತ ಕಾರಿನ ವಾಲ್ಯೂಮ್ ಪೂರ್ತಿ ತಿರುಗಿಸಬೇಡಿ. ಆಮೇಲೆ ಎಫ್‌ಎಂಗೆ ಬದಲಾಯಿಸಿದ್ರೆ ಕಿವಿ ಕಿತ್ತುಹೋಗುತ್ತೆ. ಇಂಥ ಪೆಟ್ಟಿಗೆಗಳ ಮೆನುವಲ್ಲಿ ಆಡಿಯೋ ಲೆವೆಲ್ ಅಂತ ಇರುತ್ತೆ, ಎಫ್‌ಎಂ ಸೌಂಡಿಗೆ ಸಮ ಆಗೋವರೆಗೆ ಅದನ್ನ ಏರಿಸಿ.

5/8

ಎರಡು ದಿನ ಬಿಟ್ಟು ಅಕ್ಕನೇ ಕಾಲ್ ಮಾಡಿದ್ಲು. ನಮಗೆ ಸಂಜೆ ಐದೂವರೆ, ಅವಳಿಗೆ ಬೆಳಗ್ಗೆ ಎಂಟು. "ಕರಕರ ಹೋಯ್ತು ಕಣೋ, ಈಗ ಸೊಳ್ಳೆ ಬಂದಿದೆ" ಅಂದ್ಲು. ಮನೆ ಮುಂದೆ ಕಾರು ನಿಲ್ಲಿಸಿಕೊಂಡೇ ಫೋನನ್ನ ಸ್ಪೀಕರ್ ಹತ್ರ ಹಿಡಿದ್ಲು. ಕುಂಯ್ ಅಂತ ಸಣ್ಣ ಸದ್ದು. "ಗೇರ್ ಪಾರ್ಕ್‌ನಲ್ಲೇ ಇರ್ಲಿ, ಮೆಲ್ಲಗೆ ಆಕ್ಸಿಲರೇಟರ್ ಒತ್ತು" ಅಂದೆ. ಕುಂಯ್ ಅನ್ನೋದು ಕೂಂಂಯ್ ಅಂತ ಮೇಲಕ್ಕೆ ಏರ್ತು. ಕಾಲು ತೆಗೆದ್ರೆ ಕೆಳಗಿಳೀತು.

ಈ ಸದ್ದು ನಮ್ಮ ಅಂಗಡೀಲಿ ವಾರಕ್ಕೊಂದು ಸಲ ಕೇಳ್ತೀವಿ. ಎಂಜಿನ್ ಜೊತೆ ಏರಿ ಇಳಿಯುತ್ತೆ ಅಂದ್ರೆ ಅದು ಆಲ್ಟರ್ನೇಟರ್ ಸದ್ದು. ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ನ ಏರಿಳಿತ ಹೇಗೋ ಆಡಿಯೋ ಒಳಗೆ ನುಗ್ಗಿರುತ್ತೆ. ಸಾಮಾನ್ಯವಾಗಿ ದಾರಿ ಇದು: ಪೆಟ್ಟಿಗೆ ಲೈಟರ್ ಸಾಕೆಟ್‌ನಿಂದ ಕರೆಂಟ್ ತಗೊಳ್ಳುತ್ತೆ, ಅಲ್ಲೊಂದು ಅರ್ಥ್. ಆಕ್ಸ್ ಕೇಬಲ್ ಮೂಲಕ ಸ್ಟೀರಿಯೋಗೆ ಇನ್ನೊಂದು ಅರ್ಥ್. ಎರಡು ಅರ್ಥ್ ನಡುವೆ ಒಂದು ಸುತ್ತು ಆಗುತ್ತೆ, ಆ ಸುತ್ತಲ್ಲಿ ಬೇಡದ ಕರೆಂಟ್ ಹರಿಯುತ್ತೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ.

ಪತ್ತೆ ಹಚ್ಚೋ ರೀತಿ: ಎಂಜಿನ್ ಆನ್ ಇರ್ಲಿ, ಒಂದೊಂದೇ ಕಿತ್ತು ನೋಡಿ. ಅಕ್ಕ ಅದೇ ಸಾಕೆಟ್‌ಗೆ ಒಂದು ಕವಲು ಹಾಕಿ ಫೋನ್ ಚಾರ್ಜರ್ ಕೂಡ ಚುಚ್ಚಿದ್ಲು. ಅದನ್ನ ಕಿತ್ತ ತಕ್ಷಣ ಸದ್ದು ಅರ್ಧಕ್ಕಿಳೀತು. ಆಕ್ಸ್ ಕೇಬಲ್ ಕಿತ್ತಾಗ ಪೂರ್ತಿ ಹೋಯ್ತು. ಸರಿ, ಕೇಬಲ್ ಮಧ್ಯೆ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಬೆರಳುದ್ದದ ಒಂದು ವಸ್ತು ಹಾಕಿಸಿದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತೆ. ಸದ್ದು ದಾಟುತ್ತೆ, ಅರ್ಥ್ ದಾಟಲ್ಲ. ಹನ್ನೊಂದು ಡಾಲರ್.

ಅಲ್ಲಿಗೆ ಹದಿನೇಳು ಡಾಲರ್ ಆಯ್ತು. ಹೊಸ ಸ್ಟೀರಿಯೋ ಹಾಕಿಸೋಣ ಅಂತ ಭಾವ ವಿಚಾರಿಸಿಕೊಂಡು ಬಂದ ರೇಟು ಮುನ್ನೂರರ ಮೇಲಿತ್ತು. ಇಂಥ ಸದ್ದಿಗೆ ಮೊದಲೇ ಹೊಸ ಸ್ಟೀರಿಯೋ ಕೊಳ್ಳಬೇಡಿ. ಹೊಸದರಲ್ಲೂ ಅದೇ ಸೊಳ್ಳೆ ಬರಬಹುದು.

6/8

ಉಳಿದಿದ್ದು ಮೌನ.

ಇದಕ್ಕೆ ರೇಡಿಯೋ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ತಿಳೀಬೇಕು. ಅಮೆರಿಕದಲ್ಲಿ ಎಕ್ಸ್‌ಎಂ ಅನ್ನೋ ಕಂಪನಿ 2001ರಲ್ಲಿ, ಸಿರಿಯಸ್ ಅನ್ನೋದು 2002ರಲ್ಲಿ ಪ್ರಸಾರ ಶುರು ಮಾಡಿದ್ವು. 2008ರಲ್ಲಿ ಎರಡೂ ಸೇರಿ ಸಿರಿಯಸ್ ಎಕ್ಸ್‌ಎಂ ಆಯ್ತು. ಅಲೆಗಳು 2320ರಿಂದ 2345 ಮೆಗಾಹರ್ಟ್ಸ್ ನಡುವೆ ಬರುತ್ತೆ. ಈ ಅಲೆ ಎಫ್‌ಎಂ ಥರ ಅಡ್ಡಿಗಳನ್ನ ಬಳಸಿಕೊಂಡು ಬರಲ್ಲ. ಉಪಗ್ರಹಕ್ಕೆ ನಿಮ್ಮ ಆಂಟೆನಾ ಕಾಣಬೇಕು, ಅಷ್ಟೇ. ದೊಡ್ಡ ನಗರಗಳ ಒಳಗೆ ಕಟ್ಟಡ ಜಾಸ್ತಿ ಅಂತ ನೆಲದ ಮೇಲೂ ರಿಪೀಟರ್ ಹಾಕಿದಾರೆ. ಅಕ್ಕನ ಆಫೀಸು ಊರ ಹೊರಗೆ.

ನನಗೆ ತುಂಬ ಇಷ್ಟವಾಗಿದ್ದು ಒಂದು ಉಪಾಯ. ಒಂದೇ ಕಾರ್ಯಕ್ರಮವನ್ನ ಎರಡು ಸಲ ಕಳಿಸ್ತಾರೆ, ಸುಮಾರು ನಾಲ್ಕು ಸೆಕೆಂಡ್ ಅಂತರದಲ್ಲಿ. ಮೊದಲು ಬಂದಿದ್ದನ್ನ ಪೆಟ್ಟಿಗೆ ಜೋಪಾನವಾಗಿ ಇಟ್ಕೊಂಡಿರುತ್ತೆ. ಸೇತುವೆ ಕೆಳಗೆ ಸಿಗ್ನಲ್ ಹೋದ್ರೆ ಆ ತುಂಡನ್ನ ಇನ್ನೊಂದರಿಂದ ತುಂಬುತ್ತೆ. ಗಂಟೆಗೆ 96 ಕಿಲೋಮೀಟರ್‌ನಲ್ಲಿ ಹೋಗೋ ಕಾರು ನಾಲ್ಕು ಸೆಕೆಂಡ್‌ನಲ್ಲಿ ನೂರು ಮೀಟರ್ ದಾಟಿರುತ್ತೆ. ಹಾಗಾಗಿ ಸೇತುವೆ ಬಂದಿದ್ದೇ ನಿಮಗೆ ಗೊತ್ತಾಗಲ್ಲ. ಆದ್ರೆ ಕಾರು ಅಡ್ಡಿಯ ಹಿಂದೆ ನಿಂತೇ ಬಿಟ್ರೆ ನಾಲ್ಕು ಸೆಕೆಂಡ್ ಆದ್ಮೇಲೆ ಮೌನ.

ಮಾವನಿಗೆ ಇದು ಹೊಸದಲ್ಲ. ನಮ್ಮ ದೇಶದಲ್ಲೂ ವರ್ಲ್ಡ್‌ಸ್ಪೇಸ್ ಅಂತ ಸ್ಯಾಟಲೈಟ್ ರೇಡಿಯೋ ಇತ್ತು, ಬೆಂಗಳೂರಲ್ಲಿ ಆಫೀಸು. 2000ದಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ಬರ್ತಿತ್ತು. 2009ರ ಕೊನೇಲಿ ನಿಂತುಹೋಯ್ತು, ಆಗ ನನಗೆ ನಾಲ್ಕು ವರ್ಷ. ಮಾವ ಒಬ್ಬ ಗಿರಾಕಿ ಮನೇಲಿ ಅದರ ಆಂಟೆನಾನ ಪೂರ್ವದ ಕಿಟಕಿಗೆ ಇಟ್ಟು, ಇಂಚಿಂಚು ತಿರುಗಿಸಿ ಸಿಗ್ನಲ್ ಹಿಡಿದಿದ್ರಂತೆ. ಅದಕ್ಕೇ ಮಾವನ ಪ್ರಶ್ನೆ ಒಂದೇ: "ಆಂಟೆನಾಗೆ ಆಕಾಶ ಕಾಣುತ್ತಾ ಕೇಳು."

ಕಾಣ್ತಿರ್ಲಿಲ್ಲ. ಹಿಂದಿನೋರು ಅದನ್ನ ಡ್ಯಾಶ್‌ಬೋರ್ಡ್ ಮೂಲೇಲಿ ಇಟ್ಟಿದ್ರು. ಅಲ್ಲಿಂದ ಮುಂದಿನ ಗಾಜಿನಷ್ಟು ಆಕಾಶ ಮಾತ್ರ. ಕಾರು ತಿರುಗಿದ್ರೆ ಅದೂ ಇಲ್ಲ. ಆಂಟೆನಾ ತಳದಲ್ಲಿ ಅಯಸ್ಕಾಂತ ಇರುತ್ತೆ, ಅದರ ಜಾಗ ಕಾರಿನ ಮೇಲಿನ ತಗಡು. ಅಂಚಿನಿಂದ ನಾಲ್ಕು ಬೆರಳು ಒಳಗೆ, ಲಗೇಜ್ ಕ್ಯಾರಿಯರ್‌ಗೆ ಮರೆಯಾಗದ ಹಾಗೆ. ವೈರನ್ನ ಹಿಂದಿನ ಬಾಗಿಲಿನ ರಬ್ಬರ್ ಒಳಗೆ ತೂರಿಸಿ ತರಬೇಕು, ಬಾಗಿಲು ಹಾಕುವಾಗ ಲೋಹಕ್ಕೂ ಲೋಹಕ್ಕೂ ನಡುವೆ ಸಿಕ್ಕಿ ಜಜ್ಜಬಾರದು. ಭಾನುವಾರ ಬೆಳಗ್ಗೆ ಅಕ್ಕ ಒಂದು ಗಂಟೆ ಕೂತು ತಾನೇ ಮಾಡಿದ್ಲು. ಫೋನ್ ಸೀಟ್ ಮೇಲೆ ಒರಗಿಸಿದ್ಲು, ಹಾಸನದಲ್ಲಿ ಅಮ್ಮ, ನಾನು, ಮಾವ ಮೂರು ಜನ ನೋಡ್ತಿದ್ವಿ. ಅಮ್ಮ "ಸ್ವೆಟರ್ ಹಾಕ್ಕೊಳ್ಳೇ" ಅಂತ ಮೂರು ಸಲ ಹೇಳಿದ್ರು.

7/8

ದಾರೀಲಿ ಮೌನ ಹೋಯ್ತು. ಆದ್ರೆ ಬುಧವಾರ ಮತ್ತೆ ಮೆಸೇಜ್: "ಮಧ್ಯಾಹ್ನ ಒಂದು ಗಂಟೆಗೆ ಈಗಲೂ ಬರಲ್ಲ. ದಿನಾ. ಸರಿಯಾಗಿ ಅದೇ ಹೊತ್ತಿಗೆ."

ದಿನಾ ಒಂದೇ ಹೊತ್ತಿಗೆ ಅಂದ್ರೆ ದಿನಾ ಒಂದೇ ಜಾಗ. ಪರದೆ ಮೇಲೆ ಏನು ಬರುತ್ತೆ ಅಂತ ಕೇಳಿದೆ. ಆಂಟೆನಾ ನೋಡಿ ಅಂತ ಬಂದ್ರೆ ವೈರೋ ಕನೆಕ್ಟರೋ ಹೋಗಿದೆ ಅಂತ. ಚಾನೆಲ್ ಲಭ್ಯವಿಲ್ಲ ಅಂತ ಬಂದ್ರೆ ಚಂದಾ ವಿಷಯ, ಬಯಲಲ್ಲಿ ಪೆಟ್ಟಿಗೆ ಆನ್ ಮಾಡಿಟ್ಟು ಕಂಪನಿಯಿಂದ ರಿಫ್ರೆಶ್ ಸಿಗ್ನಲ್ ಕಳಿಸಿಸಿಕೊಳ್ಳಬೇಕು. ಅಕ್ಕನಿಗೆ ಬರ್ತಿದ್ದಿದ್ದು ಸಿಗ್ನಲ್ ಇಲ್ಲ ಅಂತ. ಅಂದ್ರೆ ಏನೋ ಅಡ್ಡ ಇದೆ.

ಆವತ್ತು ರಾತ್ರಿ ಹತ್ತೂವರೆಗೆ, ಅವಳಿಗೆ ಮಧ್ಯಾಹ್ನ ಒಂದು, ಕಾಲ್ ಮಾಡಿದೆ. "ಕಾರು ಬಿಸಿಲಲ್ಲಿದ್ಯಾ, ನೆರಳಲ್ಲಿದ್ಯಾ?"

"ನೆರಳು. ಆಫೀಸ್ ಬಿಲ್ಡಿಂಗಿಂದು."

ಉತ್ತರ ಸಿಕ್ತು. ಅಲ್ಲಿಂದ ನೋಡಿದ್ರೆ ಭೂಮಧ್ಯರೇಖೆ ಮೇಲಿರೋ ಉಪಗ್ರಹ ದಕ್ಷಿಣದ ಆಕಾಶದಲ್ಲಿ, ದಿಗಂತದಿಂದ ನಡುನೆತ್ತಿಗೆ ಇರೋ ಎತ್ತರದ ಅರ್ಧಕ್ಕೂ ಸ್ವಲ್ಪ ಕೆಳಗೆ. ಅಕ್ಟೋಬರ್ ಮೊದಲ ವಾರಗಳಲ್ಲಿ ಮಧ್ಯಾಹ್ನದ ಸೂರ್ಯನೂ ಹೆಚ್ಚು ಕಡಿಮೆ ಅಷ್ಟೇ ಎತ್ತರದಲ್ಲಿ, ಅದೇ ದಕ್ಷಿಣಕ್ಕೆ ಇರ್ತಾನೆ. ಆ ಬಿಸಿಲನ್ನ ಕಟ್ಟಡ ತಡೀತಿದೆ ಅಂದ್ರೆ ಉಪಗ್ರಹದ ಸಿಗ್ನಲನ್ನೂ ತಡೀತಿದೆ. "ಬಿಸಿಲು ಬೀಳೋ ಕಡೆ ನಿಲ್ಲಿಸು, ಅಷ್ಟೇ" ಅಂದೆ.

ಅಂದ ಮೇಲೆ ಹೊಳೀತು. "ಅಲ್ಲಕ್ಕ, ಮಧ್ಯಾಹ್ನ ಒಂದು ಗಂಟೆಗೆ ಕಾರಲ್ಲಿ ಏನು ಮಾಡ್ತಿದೀಯ?"

ಅವಳು ಸುಮಾರು ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕ್ಯಾಮೆರಾ ತಿರುಗಿಸಿದ್ಲು. ಪಕ್ಕದ ಸೀಟ್ ಮೇಲೆ ಡಬ್ಬಿ, ಅದರಲ್ಲಿ ಚಿತ್ರಾನ್ನ.

"ಒಳಗೆ ಎಲ್ಲಾ ಒಟ್ಟಿಗೆ ಕೂತು ತಿಂತಾರೆ ಕಣೋ. ತುಂಬಾ ಫಾಸ್ಟ್ ಮಾತಾಡ್ತಾರೆ. ನಾನು ಅರ್ಥ ಮಾಡ್ಕೊಂಡು ಉತ್ತರ ಯೋಚಿಸೋಷ್ಟರಲ್ಲಿ ವಿಷಯ ಬೇರೆಗೆ ಹೋಗಿರುತ್ತೆ. ಇಲ್ಲಿ ರೇಡಿಯೋದೋರೂ ಮಾತಾಡ್ತಾರೆ, ಆದ್ರೆ ಅವರಿಗೆ ನಾನು ಉತ್ತರ ಕೊಡಬೇಕಾಗಿಲ್ಲ."

ಎಷ್ಟು ದಿನದಿಂದ ಅಂತ ಕೇಳಿದೆ. ಸೇರಿದಾಗಿನಿಂದ. ಎಂಟು ತಿಂಗಳು.

ಭಾವನಿಗೂ ಗೊತ್ತಿರ್ಲಿಲ್ಲ. ಅಮ್ಮನಿಗಂತೂ ಗೊತ್ತಾಗೋ ದಾರಿನೇ ಇರ್ಲಿಲ್ಲ. "ಊಟ ಆಯ್ತು" ಅಂತ ಅವಳು ಹೇಳ್ತಿದ್ದಿದ್ದು ಸುಳ್ಳೇನಲ್ಲ. ಎಲ್ಲಿ, ಯಾರ ಜೊತೆ ಅಂತ ನಾವು ಯಾರೂ ಕೇಳಿರ್ಲಿಲ್ಲ, ಅಷ್ಟೇ.

8/8

ಇಲ್ಲಿಂದ ಮುಂದೆ ದೊಡ್ಡ ಪವಾಡ ಏನೂ ಆಗಿಲ್ಲ. ಅಕ್ಕ ಈಗ ಕಾರನ್ನ ಬಿಸಿಲಿನ ಕಡೆ ನಿಲ್ಲಿಸ್ತಾಳೆ. ರೇಡಿಯೋ ಬರುತ್ತೆ. ವಾರದಲ್ಲಿ ಮೂರು ದಿನ ಕಾರಲ್ಲೇ ಊಟ. ಎರಡು ದಿನ ಒಳಗೆ ಹೋಗ್ತಾಳೆ, ಏಕೆಂದ್ರೆ ಪಕ್ಕದ ಟೇಬಲ್‌ನ ಒಬ್ಬ ಹಿರಿಯ ಹೆಂಗಸು ಇವಳ ಕಾರಿನ ಮೇಲಿರೋ ಆಂಟೆನಾ ನೋಡಿ ಅದೇನು ಅಂತ ಕೇಳಿದ್ರಂತೆ. ಅವರ ಕಾರಲ್ಲೂ ಅದೇ ಕುಂಯ್ ಸದ್ದು. ಅಕ್ಕ ಪಾರ್ಕಿಂಗ್‌ನಲ್ಲಿ ನಿಂತು ಚಾರ್ಜರ್ ಕಿತ್ತು, ಕೇಬಲ್ ಕಿತ್ತು, ಗ್ರೌಂಡ್ ಲೂಪ್ ಅಂದ್ರೇನು ಅಂತ ಇಂಗ್ಲಿಷಲ್ಲಿ ವಿವರಿಸಿದ್ಲಂತೆ. "ಯಾರೂ ನನ್ನ ಮಧ್ಯೆ ಬಾಯಿ ಹಾಕ್ಲಿಲ್ಲ ಕಣೋ" ಅಂದ್ಲು. ಆ ಮಾತು ಹೇಳುವಾಗ ಅವಳ ದನಿ ಹಾಸನದ ದನಿ.

ಸೇವ್ ಮಾಡಿ ಇಟ್ಕೊಳ್ಳಿ:

• ಎಲ್ಲಾ ಕಡೆ ಸೌಂಡ್ ಕೆಟ್ಟಿದ್ರೆ ಸ್ಪೀಕರ್, ಸೆಟ್ಟಿಂಗ್. ಸ್ಯಾಟಲೈಟ್‌ನಲ್ಲಿ ಮಾತ್ರ ಆದ್ರೆ ಪೆಟ್ಟಿಗೆ, ಕೇಬಲ್, ಆಂಟೆನಾ.
• ಕರಕರ, ನಡುವೆ ಬೇರೆ ಸ್ಟೇಷನ್: ಎಫ್‌ಎಂ ಟ್ರಾನ್ಸ್‌ಮಿಟರ್ ಬಿಟ್ಟು ಆಕ್ಸ್ ಕೇಬಲ್.
• ಎಂಜಿನ್ ಜೊತೆ ಏರೋ ಕುಂಯ್: ಚಾರ್ಜರ್ ಕಿತ್ತು ನೋಡಿ, ಆಮೇಲೆ ಐಸೋಲೇಟರ್.
• ಓಡುವಾಗ ಆಗಾಗ ಮೌನ: ಆಂಟೆನಾ ಕಾರಿನ ತಲೆ ಮೇಲೆ.
• ನಿಂತಾಗ ಮೌನ: ದಕ್ಷಿಣದ ಕಡೆ ಏನು ಅಡ್ಡ ಇದೆ ನೋಡಿ. ಕಟ್ಟಡ, ದಟ್ಟ ಮರ, ಗ್ಯಾರೇಜ್, ಚಳಿಗಾಲದಲ್ಲಿ ಆಂಟೆನಾ ಮೇಲೆ ಕೂತ ಮಂಜುಗಡ್ಡೆ.
• ಸದ್ದು ಬಿಟ್ಟು ಬಿಟ್ಟು ಬರದೆ, ನೀರೊಳಗಿಂದ ಬಂದ ಹಾಗೆ ಮಂಕಾಗಿದ್ರೆ ಅದು ಕೆಟ್ಟಿರೋದಲ್ಲ. ನೂರಾರು ಚಾನೆಲ್ ತುಂಬಿಸೋಕೆ ಸದ್ದನ್ನ ಒತ್ತಿ ಒತ್ತಿ ಕಳಿಸ್ತಾರೆ. ಮಾತಿನ ಚಾನೆಲ್‌ನಲ್ಲಿ ಇದು ಜಾಸ್ತಿ ಗೊತ್ತಾಗುತ್ತೆ. ಬಾಸ್ ಸ್ವಲ್ಪ ಇಳಿಸಿ.
• ಇದೆಲ್ಲ ಕಾರು ನಿಲ್ಲಿಸಿ ಮಾಡಿ. ಓಡಿಸ್ತಾ ಅಲ್ಲ.

ದೂರದಲ್ಲಿರೋರು ಫೋನಲ್ಲಿ ಕರಕರ ಅಂತ ಗೊಣಗ್ತಾ ಇದ್ರೆ, ಟ್ರಾಫಿಕ್, ಚಳಿ, ಬಾಸು, ರೇಟು ಅಂತ, ಗೊಣಗಲಿ ಬಿಡಿ. ಲೈನ್ ಚೆನ್ನಾಗಿದೆ ಅಂತ ಅರ್ಥ. "ಚೆನ್ನಾಗಿದೀನಿ, ಇಡ್ಲಾ" ಅಂತ ಮೌನ ಆದ್ರೆ ಸುಮ್ಮನೆ ಬಿಡಬೇಡಿ. ಎಲ್ಲಿದೀಯ, ಬಿಸಿಲಲ್ಲಿದೀಯಾ ನೆರಳಲ್ಲಿದೀಯಾ ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಿ.

ನಿಮ್ಮ ಕಾರಿನ ಸದ್ದು ಏನು ಅಂತ ಕಾಮೆಂಟ್‌ನಲ್ಲಿ ಬರೀರಿ. ಹೇಗೆ ಸರಿ ಇಲ್ಲ ಅಂತ ಬರೀರಿ, "ಸೌಂಡ್ ಸರಿ ಇಲ್ಲ ಬ್ರೋ" ಅಂತ ಅಲ್ಲ. ಮುಂದಿನ ಕಂತು: ಮಳೇಲಿ ನೆಂದ ಸ್ಪೀಕರ್ ಉಳಿಸೋದು ಹೇಗೆ.

#ಅಂಗಡಿಕಥೆಗಳು #ಕಾರ್‌ಆಡಿಯೋ #ಹಾಸನ